ತುಳಸಿ ಮಾಲೆ, ಕಂದು ಬಾಟ್ಲಿ

ಪರೇಲಿನ ನಮ್ಮ ಚಾಳಿನಲ್ಲಿ ಕಾಕಾನ ಕತೆ ಹೇಳುವವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಡಾಕ್ಟರು ಒಂದೇ ವಾರದಲ್ಲಿ ಅಫೀಮು ಬಿಡಿಸಿದರು. ಪಂಢರಪುರದ ವಿಠೋಬನ ಮಾಲೆ ಕೊರಳಿಗೆ ಬಿತ್ತು. ಆದರೆ ಮನುಷ್ಯನಲ್ಲಿ ಹಟ ಇರಲಿಲ್ಲ, ಮಾಲೆ ತೆಗೆದಿಟ್ಟು ಮತ್ತೆ ತಿಂದ, ಸತ್ತ. ಇಷ್ಟು ಹೇಳಿ, ಒಂದು ಉಸಿರು ಬಿಟ್ಟು, ಚಹಾದ ಬಶಿಗೆ ಕೈ ಹಾಕುತ್ತಾರೆ.

ನಾನು ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊ, ಆಮೇಲೆ ಒಂದೊಂದೇ ಪದವನ್ನು ಎತ್ತಿ ಬೆಳಕಿಗೆ ಹಿಡಿ ಎಂದು ಅಲ್ಲಿ ಕಲಿಸುತ್ತಿದ್ದರು. ಹಿಡಿದು ನೋಡಿದೆ. ಮಾಲೆ ತೆಗೆದಿಟ್ಟದ್ದು ನಿಜ. ತಿಂದದ್ದು ನಿಜ. ಸತ್ತದ್ದಂತೂ ನಿಜ, ನಾನೇ ನೋಡಿದ್ದೇನೆ. ಆದರೆ ಡಾಕ್ಟರು ಬಿಡಿಸಿದ್ದಕ್ಕೂ ಅವನು ಮತ್ತೆ ತಿಂದದ್ದಕ್ಕೂ ನಡುವೆ ಒಂದು ಔಷಧದ ಬಾಟ್ಲಿ ಇತ್ತು. ಅದನ್ನು ಯಾರೂ ಹೇಳುವುದಿಲ್ಲ. ಮುಖ್ಯವಾದುದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಸರಿಯಾಗಿ ಹೇಳುವ ಸುಳ್ಳಿಗೆ ನಮ್ಮ ಚಾಳಿನಲ್ಲಿ ಒಳ್ಳೆಯ ಮರ್ಯಾದೆ ಇದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ವಿಜಾಪುರದ ಕಡೆ ಊರಲ್ಲೇ ಉಳಿದ. ನಾನು ಓದಲೆಂದು ಮುಂಬಯಿಗೆ ಬಂದು ಕಾಕಾ-ಕಾಕಿಯ ಖೋಲಿಯಲ್ಲಿದ್ದೆ. ಒಂದೇ ಖೋಲಿ, ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ, ಅಲ್ಲಿಯೇ ಸ್ನಾನ, ಅಲ್ಲಿಯೇ ಪಾತ್ರೆ. ನಾಲ್ಕನೆಯವಳು ಅಜ್ಜಿ, ಕಾಕಾನ ತಾಯಿ. ವಯಸ್ಸಿನಲ್ಲಿ ಮಿಲ್ಲಿನ ನೂಲು ಸುತ್ತುವ ಖಾತೆಯಲ್ಲಿ ದುಡಿದವಳು, ಕಾಕಾನನ್ನು ಇದೇ ಖೋಲಿಯಲ್ಲಿ ಹೆತ್ತವಳು. ಕೊರಳಲ್ಲಿ ತುಳಸಿ ಮಾಲೆ, ಬೆರಳ ತುದಿಯಲ್ಲಿ ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದಕ್ಕೆ ನಮ್ಮಲ್ಲಿ ಮಿಶ್ರಿ ಎನ್ನುತ್ತಾರೆ. ಬೆಳಗ್ಗೆ ಮಿಶ್ರಿ ತಿಕ್ಕದೆ ಅವಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಒಮ್ಮೆ ಡಬ್ಬಿ ಕಳೆದಾಗ ಕಾಕಿಗೆ ತಾಟಿನಿಂದ ಹೊಡೆದಿದ್ದಳು. "ಮಾಲೆ ಹಾಕಿದವರು ವ್ಯಸನ ಮಾಡಬಾರದಲ್ಲ ಅಜ್ಜಿ" ಎಂದು ನಾನು ಕೇಳಿದರೆ, "ಮಿಶ್ರಿ ವ್ಯಸನ ಅಲ್ಲ, ಹಲ್ಲಿನ ಔಷಧ. ವಕೀಲಬಾಯಿ, ನಿನ್ನ ಕೋರ್ಟು ಹೊರಗ ಇಟ್ಟು ಬಾ" ಎನ್ನುತ್ತಿದ್ದಳು.

ಕಾಕಾ ಮಗ್ಗದ ಖಾತೆಯವನು. ಡಬಲ್ ಪಾಳಿಯಲ್ಲಿ ನಿಂತು ನಿಂತು ಸೊಂಟ ಹೋದಾಗ ಯಾರೋ ಅಂಗೈಯಲ್ಲಿ ಒಂದು ಕಪ್ಪು ಗೋಳಿ ಇಟ್ಟರು. ಅವನೂ ಅದನ್ನು ಸೊಂಟದ ಔಷಧ ಎಂದೇ ಶುರು ಮಾಡಿದ. ಭಾಯಖಳಾದ ಬದಿಯ ಒಂದು ಓಣಿಯಿಂದ ತರುತ್ತಿದ್ದ. ನಾನು ಬರುವ ಹೊತ್ತಿಗೆ ಆ ಗೋಳಿ ಬೋರೆಹಣ್ಣಿನಷ್ಟು ದಪ್ಪವಾಗಿತ್ತು. ಅದನ್ನು ಬಾಯಿಗಿಟ್ಟ ಮೇಲೆ ಮನುಷ್ಯ ಬಹಳ ಹಿತವಾಗಿರುತ್ತಿದ್ದ. ನಾನು ಗ್ಯಾಲರಿಯಲ್ಲಿ ಭಾಷಣ ಕಂಠಪಾಠ ಮಾಡುವಾಗ ಕಂಬಕ್ಕೊರಗಿ, ಕಣ್ಣು ಅರ್ಧ ಮುಚ್ಚಿ, "ನಾ ವಿರೋಧ ಪಕ್ಷ. ಹೂಂ, ಶುರು ಮಾಡು" ಎನ್ನುತ್ತಿದ್ದ. ನಾನು ಪಾಶ್ಚಾತ್ಯ ಶಿಕ್ಷಣ ಎಂದರೆ "ಬ್ಯಾಡ" ಎನ್ನುವುದು, ಹಾಗಾದರೆ ನಮ್ಮ ಶಿಕ್ಷಣ ಎಂದರೆ "ಅದೂ ಬ್ಯಾಡ" ಎನ್ನುವುದು. ಅಷ್ಟರಲ್ಲಿ ನಿದ್ದೆ. ನಾನು ಸೋಲಿಸಲಾಗದ ಎದುರಾಳಿ ಅವನೊಬ್ಬನೇ.

ರೈಲ್ವೆ ಮುಷ್ಕರದ ಹಿಂದಿನ ವರ್ಷ ಅವನು ಮಗ್ಗದ ಮುಂದೆಯೇ ತೂಕಡಿಸಿ ಬಿದ್ದ. ಮಗ್ಗದ ಮೇಲಿದ್ದ ಬಟ್ಟೆಯ ಥಾನು ಹರಿಯಿತು. ಪಾಳಿಯ ಮೇಲ್ವಿಚಾರಕ, ಜಾಬರ್, ಒಂದು ಮಾತು ಹೇಳಿದ: ರಜೆ ಹಾಕು, ಶುದ್ಧವಾಗಿ ಬಾ, ಇಲ್ಲದಿದ್ದರೆ ನಿನ್ನ ಮಗ್ಗಕ್ಕೆ ಬದಲಿ ಹುಡುಗರು ಗೇಟಿನ ಹೊರಗೆ ಸಾಲಾಗಿ ನಿಂತಿದ್ದಾರೆ. ಅಂದರೆ ಆ ರಜೆಯೊಳಗೆ ಅಫೀಮು ಹೋಗಬೇಕು, ಇಲ್ಲವೇ ಮಗ್ಗ ಹೋಗಬೇಕು. ಮಗ್ಗ ಹೋದರೆ ಊಟ, ಖೋಲಿ, ನನ್ನ ಕಾಲೇಜು, ಎಲ್ಲ ಅದರ ಹಿಂದೆ.

ಘಾಟ್ಕೋಪರ್‌ನಲ್ಲಿ ಒಂದು ಧರ್ಮಾರ್ಥ ಆಸ್ಪತ್ರೆಯಿತ್ತು. ಅಲ್ಲಿನ ಡಾಕ್ಟರು ವಿಲಾಯತಿಯಲ್ಲಿ ಕಲಿತು ಬಂದವರು. ಮಲಗಿಸಿ ಚಟ ಬಿಡಿಸುತ್ತಾರೆ ಎಂದು ಕಾಕಿಗೆ ಯಾರೋ ಹೇಳಿದ್ದರು. ಇಂಗ್ಲಿಷು ಬರುತ್ತದೆಂದು ನನ್ನನ್ನು ಕರೆದೊಯ್ದರು. ಡಾಕ್ಟರು ಮಾತಾಡಿದ್ದು ಹಿಂದಿಯಲ್ಲಿ.

ಚಿಕಿತ್ಸೆಯನ್ನು ಚಾಳಿನವರು "ಸುಖವಾಗಿ ನಿದ್ದೆ ಮಾಡಿಸಿದರು" ಎಂದು ವರ್ಣಿಸುತ್ತಾರೆ. ಅವರಾರೂ ಬಂದು ನೋಡಿಲ್ಲ. ಸೂಜಿ ಚುಚ್ಚಿ ಮಲಗಿಸಿದ್ದು ಹೌದು. ಆದರೆ ಮೈಗೆ ಅಫೀಮು ಸಿಗದಿದ್ದಾಗ ಅದು ನಿದ್ದೆಯ ಒಳಗಿನಿಂದಲೂ ಒದೆಯುತ್ತದೆ. ಕಾಲು ತಾನಾಗಿ ಮಂಚಕ್ಕೆ ಬಡಿಯುತ್ತಿತ್ತು. ಮೂಗು, ಕಣ್ಣು, ಬಾಯಿ ಎಲ್ಲ ಕಡೆಯಿಂದ ನೀರು. ಹೊಟ್ಟೆ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕೈಗೆ ಹಚ್ಚಿದ ಸಲೈನು ಕಿತ್ತುಕೊಳ್ಳುತ್ತಾನೆಂದು ಮಂಚಕ್ಕೆ ಕಟ್ಟಬೇಕಾಯಿತು. ಆಸ್ಪತ್ರೆಯ ಪಟ್ಟಿ ಸಾಲದೆ ಕಾಕಿ ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿದು ಕೊಟ್ಟಳು. ಮದುವೆಯ ಸೀರೆ ಅದು. ಹರಿಯುವಾಗ ಅವಳು ಅಳಲಿಲ್ಲ. "ಗಟ್ಟಿ ಬಟ್ಟೆ. ಆಗಿನ ಕಾಲದ್ದು" ಎಂದಳು.

ಒಂದು ವಾರದ ಮೇಲೆ ಅವನನ್ನು ಎಬ್ಬಿಸಿ ಕೂರಿಸಿದರು. ಮುಖ ಒಗೆದು ಹಿಂಡಿದ ಬಟ್ಟೆಯಾಗಿತ್ತು. ನನ್ನನ್ನು ನೋಡಿ ಬಹಳ ಹೊತ್ತಿನ ಮೇಲೆ ಗುರುತು ಹಿಡಿದ.

"ಏನ ವಿಷಯ ಇವತ್ತು?" ಎಂದ. ಚರ್ಚೆಯ ವಿಷಯ ಕೇಳುತ್ತಿದ್ದ.

"ಅಫೀಮು ಬಿಡಬೇಕೋ ಬ್ಯಾಡೋ" ಎಂದೆ.

"ನಾ ವಿರೋಧ ಪಕ್ಷ" ಎಂದು ಕಣ್ಣು ಮುಚ್ಚಿದ.

ಬಿಡುಗಡೆಯ ದಿನ ಡಾಕ್ಟರು ಒಂದು ಕಂದು ಬಾಟ್ಲಿಯನ್ನೂ ಕೆಮ್ಮಿನ ಔಷಧದ ಜೊತೆ ಸಿಗುವಂಥ ಪುಟ್ಟ ಅಳತೆಯ ಲೋಟವನ್ನೂ ಮೇಜಿನ ಮೇಲಿಟ್ಟರು. "ಕಷ್ಟದ ಭಾಗ ಮುಗಿಯಿತು ಎಂದು ತಿಳಿಯಬೇಡಿ, ಈಗ ಶುರುವಾಗುತ್ತದೆ" ಎಂದರು. ಬಾಟ್ಲಿಯಲ್ಲಿರುವುದು ಅಫೀಮಿನದೇ ಅರ್ಕ, ನೀರು ಸೇರಿಸಿದ್ದು. ದಿನಕ್ಕೆ ಇಷ್ಟೇ. ಪ್ರತಿ ಶನಿವಾರ ಬಂದು ಮುಂದಿನ ವಾರದ್ದು ಒಯ್ಯಬೇಕು. ತಿಂಗಳು ಕಳೆದಂತೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗುತ್ತೇನೆ, ವರ್ಷ ಹಿಡಿಯಬಹುದು, ಹೆಚ್ಚೂ ಆಗಬಹುದು.

ನಾನು ಸುಮ್ಮನಿರುವ ಜಾತಿಯಲ್ಲ. "ಕಟ್ಟಿಹಾಕಿ ತೆಗೆದದ್ದನ್ನೇ ಮತ್ತೆ ಕೊಡುವುದಾದರೆ ತೆಗೆದದ್ದು ಯಾಕೆ?" ಎಂದು ಕೇಳಿದೆ.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಇವನು ತಿನ್ನುತ್ತಿದ್ದ ಗೋಳಿಗೆ ಅಳತೆಯೇ ಇರಲಿಲ್ಲ, ಅದರಿಂದ ಕೆಳಗಿಳಿಸಲು ಮಲಗಿಸಿದೆ ಎಂದರು. ನಡುಕ ಹೋಗಿದೆ, ಹಸಿವು ಹೋಗಿಲ್ಲ. ಈ ನಾಲ್ಕು ಹನಿ ಇದ್ದರೆ ಅವನು ಮಗ್ಗದ ಮುಂದೆ ನಿಲ್ಲುತ್ತಾನೆ, ಓಣಿಯ ಕಡೆ ಹೋಗುವುದಿಲ್ಲ. ಇದರ ಬಗ್ಗೆ ಡಾಕ್ಟರುಗಳಲ್ಲೇ ಜಗಳವಿದೆ, ನಾನು ಮಾಡಿ ನೋಡಿ ನಂಬಿದವನು ಎಂದರು. ಆಮೇಲೆ ಕಾಕಿಯ ಕಡೆ ತಿರುಗಿ, ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. ಈಗ ಇವನ ಮೈ ಅಫೀಮನ್ನು ಮರೆತಿದೆ. ಇದನ್ನು ನಿಲ್ಲಿಸಿ ಇವನು ಹಸಿವು ತಾಳದೆ ಹೋಗಿ ಹಳೆಯ ಗೋಳಿಯಷ್ಟೇ ದೊಡ್ಡದನ್ನು ತಿಂದರೆ ಉಸಿರು ನಿಲ್ಲುತ್ತದೆ. ತಿಳಿಯಿತಾ ಬಾಯಿ?

ಕಾಕಿ ತಲೆಯಾಡಿಸಿದಳು. ನಾನು ಅದನ್ನು ಕನ್ನಡದಲ್ಲಿ ಅವಳಿಗೆ ಮತ್ತೊಮ್ಮೆ ಹೇಳಿದೆ. ಮನೆಗೆ ಬಂದು ಅಜ್ಜಿಗೂ ಹೇಳಿದೆ. ಬಾಟ್ಲಿಯಲ್ಲಿ ಇರುವುದರ ಹೆಸರನ್ನು ಮಾತ್ರ ಅಜ್ಜಿಗೆ ಹೇಳಬಾರದೆಂದು ಕಾಕಿ ದಾರಿಯಲ್ಲೇ ಆಣೆ ಹಾಕಿಸಿದ್ದಳು.

ಅವನು ಮನೆಗೆ ಬಂದ ಮರುದಿನವೇ ಏಕಾದಶಿ. ನಮ್ಮ ಮಜಲೆಯ, ಅಂದರೆ ನಮ್ಮ ಮಹಡಿಯ, ಭಜನಿ ಮಂಡಳಿಗೆ ಹಾಡು ಹೇಳಿಕೊಡುವ ಒಬ್ಬ ಬುವಾ ಇದ್ದರು. ಮಿಲ್ಲಿನಿಂದ ನಿವೃತ್ತರಾದವರು, ಗಟ್ಟಿ ಕಂಠ, ಅದಕ್ಕಿಂತ ಗಟ್ಟಿ ಅಭಿಪ್ರಾಯ. ವ್ಯಸನ ಬಿಟ್ಟವನಿಗೆ ಎಲ್ಲರೆದುರು ತುಳಸಿ ಮಾಲೆ ಹಾಕುವುದು ನಮ್ಮಲ್ಲಿ ಪದ್ಧತಿ. ಮಾಲೆ ಬಿದ್ದವನು ಮಾಳಕರಿ. ಅವನಿಗೆ ಕುಡಿತವಿಲ್ಲ, ಮಾಂಸವಿಲ್ಲ, ನಶೆಯೆಂಬುದು ನಾಲಿಗೆಗೆ ತಾಗಬಾರದು. ತಾಗಿದರೆ ದೋಷ ಅವನಿಗಲ್ಲ, ಮನೆಗೆ. ಗ್ಯಾಲರಿಯಲ್ಲಿ ಜಮಖಾನೆ ಹಾಸಿ, ಕಾಕಾನನ್ನು ನಡುವೆ ಕೂರಿಸಿ, ಬುವಾ ಮಾಲೆ ಹಾಕಿದರು. ಎಲ್ಲರೂ ಅವನ ಕಾಲಿಗೆ ಬಿದ್ದರು. ಎರಡು ವಾರದ ಹಿಂದೆ "ಅಫೀಮ್ಯಾ" ಎಂದು ಕರೆಯುತ್ತಿದ್ದವರೇ. ಕಾಕಾ ಬೆನ್ನ ಹಿಂದೆ ಗೋಡೆಯನ್ನು ಹುಡುಕುತ್ತಿದ್ದ.

ಎರಡು ಶನಿವಾರ ಎಲ್ಲ ಸರಿಯಿತ್ತು. ಕಾಕಿ ಬೆಳಗ್ಗೆ ಅಳೆದು ಕೊಡುವಳು, ಅವನು ಕುಡಿದು ಮಿಲ್ಲಿಗೆ ಹೋಗುವನು. ಮಗ್ಗ ಅವನಿಗೇ ಉಳಿಯಿತು. ಜಾಬರ್ ಬೆನ್ನು ತಟ್ಟಿದನಂತೆ. ಸಂಜೆ ಕಣ್ಣು ಪೂರ್ತಿ ತೆರೆದುಕೊಂಡು ನನ್ನ ಭಾಷಣ ಕೇಳಿದ. "ನಿನ್ನ ಮೂರನೇ ಪಾಯಿಂಟ್ ಸುಳ್ಳು ಐತಿ" ಎಂದ. ಸುಳ್ಳೇ ಆಗಿತ್ತು. ಅವನು ನನ್ನ ವಾದವನ್ನು ಅಲ್ಲಿಯವರೆಗೂ ಕೇಳಿದ್ದು ಅದೇ ಮೊದಲು.

ಮೂರನೆಯ ವಾರ ಅಜ್ಜಿ ಮಿಶ್ರಿ ಡಬ್ಬಿ ಹುಡುಕುತ್ತ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದಳು. ಬಾಟ್ಲಿ ಸಿಕ್ಕಿತು. ಬಿರಡೆ ತೆಗೆದು ಮೂಸಿದಳು. ಓದು ಬರಹ ಬಾರದವಳು, ಚೀಟಿಯ ಮೇಲಿದ್ದ ಇಂಗ್ಲಿಷು ಅವಳಿಗೆ ಬೇಕಾಗಲಿಲ್ಲ. ಒಂದೇ ಸಲ ಮೂಸಿ, "ಇದು ಅದ, ಅಫೀಮು" ಎಂದಳು. ಅವಳಿಗೆ ಆ ವಾಸನೆ ಅಷ್ಟು ಚೆನ್ನಾಗಿ ಹೇಗೆ ಗೊತ್ತು ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಸಂಜೆ ಕಾಕಾ ಬರುವಷ್ಟರಲ್ಲಿ ಬುವಾ ನಮ್ಮ ಹೊಸ್ತಿಲ ಒಳಗಿದ್ದರು, ಅರ್ಧ ಮಜಲೆ ಹೊಸ್ತಿಲ ಹೊರಗಿತ್ತು.

"ಇದೇನಪಾ ಮಾಳಕರಿ?" ಬುವಾ ಬಾಟ್ಲಿ ಎತ್ತಿ ಹಿಡಿದರು. "ವಿಠೋಬನ್ನ ಕೊರಳಾಗ ಕಟಗೊಂಡು ಅಫೀಮು ಕುಡೀತಿ?"

"ಔಷಧ ಬುವಾ. ಡಾಕ್ಟರ್ ಕೊಟ್ಟಾರ."

"ನಿನಗ ಓಣ್ಯಾಗ ಕೊಡತಿದ್ದಂವನೂ ಔಷಧ ಅಂತನ ಕೊಟ್ಟಿದ್ದ."

ಹೊರಗೆ ನಗು. ನಾನು ನಡುವೆ ಬಾಯಿ ಹಾಕಿದೆ. ಡಾಕ್ಟರು ಹೇಳಿದ್ದನ್ನು ಪೂರ್ತಿ ಹೇಳಿದೆ. ಅಳತೆ, ಇಳಿಸುವ ಕ್ರಮ, ನಿಲ್ಲಿಸಿದರೆ ಏನಾಗುತ್ತದೆ ಎಂಬುದು. ಹತ್ತಾರು ವೇದಿಕೆಗಳಲ್ಲಿ ಗೆದ್ದಿದ್ದೇನೆ, ಅಷ್ಟು ಚೆನ್ನಾಗಿ ಎಲ್ಲೂ ಮಾತಾಡಿರಲಿಲ್ಲ. ಬುವಾ ಕೊನೆಯತನಕ ಕೇಳಿ, "ಛಾನ್ ಬೋಲತೇ ಪೋರಗಿ" ಎಂದು ಹೊರಗಿನವರಿಗೆ ಹೇಳಿದರು. ಹುಡುಗಿ ಚೆಂದ ಮಾತಾಡುತ್ತಾಳೆ. ಅಷ್ಟೇ. ಕೇಳುಗರಿಗೆ ತೀರ್ಪು ಮೊದಲೇ ಗೊತ್ತಿದ್ದರೆ ವಾದ ಒಂದು ಮನರಂಜನೆ.

"ಎರಡ ಮಾತು" ಎಂದರು ಬುವಾ. "ಮಾಲಿ ಬೇಕೋ, ಬಾಟ್ಲಿ ಬೇಕೋ? ಬಾಟ್ಲಿ ಬೇಕಂದ್ರ ಈಗ, ಎಲ್ಲಾರ ಮುಂದ, ನಿನ್ನ ಕೈಯಿಂದ ಮಾಲಿ ತಗದು ನನ್ನ ಕೈಯಾಗ ಕೊಡು."

ಕಾಕಾ ಕಾಕಿಯನ್ನು ನೋಡಿದ. ಕಾಕಿ ಹೊರಗಿನವರನ್ನು ನೋಡಿದಳು; ನಾಳೆ ನಲ್ಲಿಯ ಸಾಲಿನಲ್ಲಿ ಅವಳು ನಿಲ್ಲಬೇಕಾದದ್ದು ಅವರ ಜೊತೆ. ಅವನು ಮೆಲ್ಲಗೆ ನಕ್ಕ.

"ಬುವಾ, ಒಂದು ಮಾತು ಹೇಳಲೇನು? ವಿಠೋಬನಿಗೂ ಎರಡ ಹನಿ ಕೊಡೂಣು. ಇಟ್ಟಂಗಿ ಮ್ಯಾಲೆ ನಿಂತು ನಿಂತು, ಸೊಂಟದ ಮ್ಯಾಲೆ ಕೈ ಇಟಗೊಂಡಾನ. ನೂಸ್ತಿರಬೇಕು ಪಾಪ."

ಯಾರೂ ನಗಲಿಲ್ಲ. ಅವನು ಅದುವರೆಗೆ ಹೇಳಿದ ಎಲ್ಲ ಮಾತುಗಳಲ್ಲಿ ಅದೇ ಅತ್ಯುತ್ತಮವಾದದ್ದು, ಅದಕ್ಕೆ ಯಾರೂ ನಗಲಿಲ್ಲ. ಅಜ್ಜಿ ಎದ್ದಳು. ಬುವಾರ ಕೈಯಿಂದ ಬಾಟ್ಲಿ ತೆಗೆದುಕೊಂಡಳು, ಮೋರಿಗೆ ಹೋದಳು, ಬಗ್ಗಿಸಿದಳು. ಆಮೇಲೆ ಒಂದು ತಂಬಿಗೆ ನೀರು ಸುರಿದಳು. "ನನ್ನ ಮಗನ ಹಟ ನನಗ ಗೊತ್ತೈತಿ. ಅಂವಗ ಇದರ ಗರಜ ಇಲ್ಲ" ಎಂದಳು. ಹೊರಗೆ ಯಾರೋ ವಿಠ್ಠಲ ವಿಠ್ಠಲ ಎಂದರು.

ಶನಿವಾರ ಕಾಕಾನನ್ನು ಘಾಟ್ಕೋಪರ್‌ಗೆ ಬಿಡಲಿಲ್ಲ. ನಾನೊಬ್ಬಳೇ ಲೋಕಲ್ ಹಿಡಿದು ಹೋದೆ. ರೋಗಿ ಬಾರದೆ ಆ ಔಷಧವನ್ನು ಯಾರ ಕೈಗೂ ಕೊಡುವಂತಿಲ್ಲ ಎಂದರು ಡಾಕ್ಟರು. ಕರೆದುಕೊಂಡು ಬಾ, ಹೇಗಾದರೂ ಮಾಡಿ ಕರೆದುಕೊಂಡು ಬಾ. ಹೇಗಾದರೂ ಎಂದರೆ ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಮುಂದಿನ ದಿನಗಳನ್ನು ಚಾಳಿನವರು ಕಾಕಾನ ತಪಸ್ಸು ಎನ್ನುತ್ತಾರೆ. ನನಗೆ ನೆನಪಿರುವುದು ಸಂಡಾಸದ ಸಾಲು. ಮಜಲೆಗೆಲ್ಲ ಒಂದೇ ಕಡೆ, ಗ್ಯಾಲರಿಯ ತುದಿಗೆ. ಅವನು ಡಬ್ಬಿ ಹಿಡಿದು ಗೋಡೆ ಹಿಡಿದು ಮತ್ತೆ ಮತ್ತೆ ಬರುವುದನ್ನು ನೋಡಿ ಸಾಲಿನಲ್ಲಿದ್ದವರು ಕೈ ಜೋಡಿಸಿ ಸರಿಯುತ್ತಿದ್ದರು. "ಮಾಳಕರಿ ಬಂದ್ರು, ದಾರಿ ಬಿಡ್ರೋ. ಪಂಢರಪುರಕ್ಕ ದಿಂಡಿ ಹೊಂಟೈತಿ." ಆ ಕೈ ಜೋಡಿಸುವುದರಲ್ಲಿ ಎಷ್ಟು ಭಕ್ತಿ, ಎಷ್ಟು ಚೇಷ್ಟೆ ಎಂದು ಅವರಿಗೇ ತಿಳಿದಿರಲಿಕ್ಕಿಲ್ಲ. ಭಜನೆಗೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೈಗೆ ತಾಳ ಕೊಟ್ಟರು. ಕೈ ನಡುಗಿ ತಾಳ ತಪ್ಪಿದರೆ ಬುವಾ ಹಾಡು ನಿಲ್ಲಿಸಿ ಅವನತ್ತ ನೋಡುವರು. ಬೇರೆ ಮಜಲೆಯವರು ಮಕ್ಕಳನ್ನು ಕರೆತಂದು ತೋರಿಸಿದರು, ನೋಡು, ಇದಕ್ಕೆ ಹಟ ಅನ್ನುತ್ತಾರೆ ಎಂದು. ಮಿಲ್ಲು, ಸಂಡಾಸ, ಭಜನೆ ಬಿಟ್ಟರೆ ಉಳಿದ ಹೊತ್ತೆಲ್ಲ ಖೋಲಿಯ ಚಿಲಕ ಹೊರಗಿನಿಂದ ಬೀಳುತ್ತಿತ್ತು. ಹಾಕುತ್ತಿದ್ದವಳು ಅಜ್ಜಿ. ಬಾಗಿಲ ಹೊರಗೆ ಕೂತು ಮಿಶ್ರಿ ತಿಕ್ಕುತ್ತಿದ್ದಳು.

ಒಳಗಿನಿಂದ ಅವನು ಕರೆಯುತ್ತಿದ್ದ. "ಅವ್ವಾ. ಎರಡು ಹನಿ. ಅವ್ವಾ, ಒಂದ."

"ಸಹಿಸು" ಎನ್ನುತ್ತಿದ್ದಳು ಅಜ್ಜಿ, ಬಾಯಲ್ಲಿದ್ದದ್ದನ್ನು ಉಗುಳಿ.

ಮಗ್ಗದ ಮುಂದೆ ನಿಲ್ಲಲಾಗದೆ ಎರಡು ಸಲ ಮರಳಿ ಬಂದ. ಎರಡನೆಯ ಸಲ ಜಾಬರ್ ಬೈಯಲೂ ಇಲ್ಲವಂತೆ, ಗೇಟಿನ ಕಡೆ ಬೆರಳು ತೋರಿಸಿದನಂತೆ. ಮರುದಿನ ಆ ಮಗ್ಗದ ಮುಂದೆ ಬೇರೊಬ್ಬ ನಿಂತಿದ್ದ. ಅದೇ ದಿನ ಮಧ್ಯಾಹ್ನ ಅಜ್ಜಿ ಕೂತಲ್ಲೇ ನಿದ್ದೆ ಹೋದಾಗ ಕಾಕಿ ಚಿಲಕ ತೆಗೆದಳು. ಅವನು ಕೇಳಿದ್ದಕ್ಕೆ ತೆಗೆದಳೋ, ಅವಳಿಗೇ ತಾಳದಾಯಿತೋ, ನಾನು ಕೇಳಿಲ್ಲ. ಕೇಳಬೇಕಾದ ಪ್ರಶ್ನೆ ಅದಲ್ಲ. ಅವನು ಹೋಗುವ ಮುನ್ನ ಮುಖ ತೊಳೆದು, ಮಾಲೆ ತೆಗೆದು, ವಿಠೋಬನ ಪಟದ ಮೊಳೆಗೆ ತೂಗುಹಾಕಿದ್ದ.

ಸಂಜೆ ನಾನು ಕಾಲೇಜಿನಿಂದ ಬರುವಾಗ ಕೆಳಗೆ ಟ್ಯಾಕ್ಸಿ ನಿಂತಿತ್ತು. ಓಣಿಯ ಕಟ್ಟೆಯ ಮೇಲೆ ಕೂತಲ್ಲಿಯೇ ಒರಗಿಬಿಟ್ಟಿದ್ದನಂತೆ, ತಂದವರು ಹೇಳಿದರು. ಯಾವಾಗಲೂ ತಗೊಳ್ಳುತ್ತಿದ್ದಷ್ಟೇ ತಗೊಂಡ, ಒಂದು ಚೂರೂ ಹೆಚ್ಚಲ್ಲ, ಹೀಗ್ಯಾಕೆ ಆಯಿತೋ ಎಂದು ಅವರಿಗೆ ನಿಜವಾಗಿಯೂ ಆಶ್ಚರ್ಯ. ತುಟಿ ನೀಲಿಯಾಗಿತ್ತು. ಮುಖದಲ್ಲಿ ನೋವಿರಲಿಲ್ಲ, ಅರ್ಧ ಮುಚ್ಚಿದ ಕಣ್ಣು, ನನ್ನ ಭಾಷಣ ಕೇಳುವಾಗಿನ ಹಾಗೆಯೇ.

"ಮಾಲಿ ತಗದ, ಅದಕ್ಕ ಹ್ವಾದ" ಎಂದರು ಬುವಾ. ಗ್ಯಾಲರಿಯಲ್ಲಿ ಎಲ್ಲರೂ ತಲೆಯಾಡಿಸಿದರು. ಮಾಲೆ ತೆಗೆದದ್ದು ಮೊದಲು, ಸತ್ತದ್ದು ಆಮೇಲೆ. ಆದ್ದರಿಂದ ಅದರಿಂದಲೇ ಇದು. ನಮ್ಮ ಕಾಲೇಜಿನಲ್ಲಿ ಇಂಥ ತರ್ಕ ಮಾಡಿದವನನ್ನು ಮೊದಲ ಸುತ್ತಿನಲ್ಲೇ ಕೆಳಗಿಳಿಸುತ್ತಿದ್ದರು. ಇಲ್ಲಿ ಅವನನ್ನು ಬುವಾ ಮಾಡುತ್ತಾರೆ. ಕಾಕಾ ಮಾಲೆಯ ನಿಯಮವನ್ನು ಮುರಿಯಲೇ ಇಲ್ಲ, ಅದಕ್ಕೇ ಅದನ್ನು ತೆಗೆದಿಟ್ಟು ಹೋದ ಎಂದು ನಾನು ಹೇಳಿದಾಗ, ಹೆಣ ಇರುವ ಮನೆಯಲ್ಲಿ ವಾದ ಮಾಡಬಾರದು ಎಂದರು.

ಕಾಕಿ ಈಗ ಅದೇ ಮಜಲೆಯ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ನಾನು ಟ್ಯೂಶನ್ ಹೇಳಿ ಓದು ಮುಗಿಸಿದೆ. ಅಜ್ಜಿ ಹೇಳುವ ಕತೆ ಪ್ರತಿಸಲವೂ ಒಂದೇ ಕಡೆ ಮುಗಿಯುತ್ತದೆ: "ಏನ ಮಾಡೂದು, ಹಟ ಇರಲಿಲ್ಲ ಅದಕ್ಕ."

ಕಳೆದ ತಿಂಗಳು ಪಕ್ಕದ ಖೋಲಿಯ ಸೊಸೆ ಕೂಸಿಗೆ ಮೊಲೆ ಬಿಡಿಸಲು ಹೊರಟಿದ್ದಳು. ಕೂಸು ಎರಡು ದಿನದಿಂದ ಚಾಳು ಹರಿಯುವಂತೆ ಅಳುತ್ತಿತ್ತು. ಅಜ್ಜಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ಸವರುತ್ತ ಅವಳಿಗೆ ಬುದ್ಧಿ ಹೇಳುತ್ತಿದ್ದಳು. ನಾನು ಒಳಗೆ ಹೆರಳು ಹಾಕಿಕೊಳ್ಳುತ್ತಿದ್ದೆ.

"ಒಮ್ಮಿಗೇ ಬಿಡಿಸಬಾರದವ್ವಾ. ಯಾವುದನ್ನೂ ಒಮ್ಮಿಗೇ ಬಿಡಿಸಬಾರದು. ನಮ್ಮ ಕಾಲದಾಗ ಮಿಲ್ಲಿಗಿ ಹೋಗೂ ಹೆಣಮಕ್ಕಳೆಲ್ಲ ಕೂಸಿಗಿ ಬಾಳಗೋಳಿ ಕೊಡತಿದ್ದಿವಿ. ಅಫೀಮಿಂದು, ಸಾಸಿವಿಯಷ್ಟ. ಬಾಯಾಗ ಇಟ್ಟು ಹೋದ್ರ ಪಾಳಿ ಮುಗಿಯೂತನಾ ಮಲಗಿರತಿತ್ತು. ನನ್ನ ಸಣ್ಣಂವಗೂ ಕೊಟ್ಟೀನಿ, ಹಲ್ಲು ಬರೂತನಾ."

"ಆಮ್ಯಾಲೆ ಹೆಂಗ ಬಿಡಿಸಿದ್ರಿ ಆಯಿ?"

"ಅದರಾಗ ಐತಿ ನೋಡು. ಗಡಬಡಿಸಿ ಬಿಡಿಸಿದಾಕಿ ಕೂಸು ಹೇತು ಹೇತು ಸತ್ತು. ನಾ ಗೋಳಿ ಅರ್ಧ ಮಾಡಿದೆ. ಅದು ರೂಢಿ ಆದ ಮ್ಯಾಲೆ ಅರ್ಧದಾಗ ಅರ್ಧ. ಮತ್ತ ಗೋಳಿ ತೇದು ಬರೇ ನೀರು ನಾಲಿಗಿಗಿ ಹಚ್ಚಿದೆ. ಮಳಿಗಾಲ ಪೂರಾ ಹಿಡೀತು. ಅಂವಗ ಗೊತ್ತೂ ಆಗಲಿಲ್ಲ, ಒಂದ ದಿವಸನೂ ಅಳಲಿಲ್ಲ." ಅಜ್ಜಿಯ ದನಿಯಲ್ಲಿ ಹೆಮ್ಮೆಯಿತ್ತು. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ನಾನು ಅರ್ಧ ಹೆಣೆದ ಹೆರಳನ್ನು ಬಿಟ್ಟು ಹೊರಗೆ ಬಂದೆ. ಸೊಸೆ ನನ್ನ ಮುಖ ನೋಡಿ ಕೂಸನ್ನು ಎತ್ತಿಕೊಂಡು ತನ್ನ ಖೋಲಿಗೆ ಹೋದಳು. ಅಜ್ಜಿ ಮಿಶ್ರಿ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದ್ದಳು. ಬೆರಳು ಬಾಯಿಯವರೆಗೆ ಹೋಗದೆ ನಡುವೆ ನಿಂತಿತು. ನಾನು ದನಿ ಏರಿಸಲಿಲ್ಲ.

"ಕಾಕಾ ಕೂಸಿದ್ದಾಗ ಮಳಿಗಾಲ ಪೂರಾ ಸಬೂರಿ ಮಾಡಿದಾಕಿ, ಅದ ಮಗ ಒಂದ ಹನಿ ಕೊಡವ್ವಾ ಅಂತ ಬಾಗಲಾ ಬಡಿವಾಗ ನೀ ಯಾಕ ಎದ್ದು ಬಾಗಲಾ ತಗೀಲಿಲ್ಲ, ಅಜ್ಜಿ?"